ನೆನಪು ಯಾರ ವಶದಲ್ಲಿರಬೇಕು: ಸೆಷನ್ ಮಾದರಿಗಳ ಕುರಿತು ಒಂದು ಸಂವಾದ

ಕೇಳುವ ಯಂತ್ರವೂ ಕೊಡುವ ಯಂತ್ರವೂ ಬೇರೆಬೇರೆಯಾಗಿದ್ದು, ಅವುಗಳ ನಡುವೆ ಜಾಲದ ಮೂಲಕ ವ್ಯವಹಾರ ನಡೆಯುವ ಏರ್ಪಾಡನ್ನು ಕ್ಲೈಂಟ್-ಸರ್ವರ್ ವ್ಯವಸ್ಥೆ ಎನ್ನುತ್ತಾರೆ. ಕೇಳುವ ಯಂತ್ರ ಕ್ಲೈಂಟ್. ಅದು ಕಚೇರಿಯ ಮೇಜಿನ ಮೇಲಿನ ಕಂಪ್ಯೂಟರ್ ಆಗಿರಬಹುದು, ಹೊಲದ ಬದುವಿನಲ್ಲಿ ನಿಂತವರ ಕೈಯ ಮೊಬೈಲ್ ಆಗಿರಬಹುದು. ದಾಖಲೆಗಳನ್ನು ಕಾದಿಟ್ಟು, ಕೇಳಿದವರಿಗೆ ಒದಗಿಸುವ ಯಂತ್ರ ಸರ್ವರ್. ಬಳಕೆದಾರ ತನ್ನ ಗುರುತು ಹೇಳಿ ಒಳಬಂದಾಗಿನಿಂದ ಹೊರಹೋಗುವವರೆಗೆ ಕಳಿಸುವ ಹತ್ತಾರು ಕೇಳಿಕೆಗಳು ಒಬ್ಬನವೇ ಎಂದು ನೆನಪಿಟ್ಟುಕೊಳ್ಳುವ ಕ್ರಮಕ್ಕೆ ಸೆಷನ್ ಎಂದು ಹೆಸರು. ವೆಬ್‌ಗೆ ಇಂತಹ ಕ್ರಮ ಹುಟ್ಟಿನಿಂದ ಬಂದದ್ದಲ್ಲ. ಬ್ರೌಸರ್ ಮತ್ತು ಸರ್ವರ್ ಪರಸ್ಪರ ವ್ಯವಹರಿಸುವ ನಿಯಮಾವಳಿಯಾದ ಎಚ್‌ಟಿಟಿಪಿ ಪ್ರತಿಯೊಂದು ಕೇಳಿಕೆಯನ್ನೂ ಮೊದಲ ಸಲ ಬಂದವರ ಕೇಳಿಕೆಯೆಂದೇ ಎಣಿಸುತ್ತದೆ. ಉತ್ತರ ಕೊಟ್ಟ ಮರುಕ್ಷಣ ಕೇಳಿದವರನ್ನು ಮರೆಯುತ್ತದೆ. ಈ ಮರೆವನ್ನು ತುಂಬಲು ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ 1994ರಲ್ಲಿ ಕುಕೀ ಎಂಬ ಉಪಾಯವನ್ನು ರೂಪಿಸಿದರು: ಸರ್ವರ್ ಕೊಟ್ಟ ಒಂದು ಸಣ್ಣ ಗುರುತನ್ನು ಬ್ರೌಸರ್ ಕಾದಿಟ್ಟುಕೊಂಡು ಪ್ರತಿ ಕೇಳಿಕೆಯ ಜೊತೆಗೂ ಮರಳಿ ಕಳಿಸುತ್ತದೆ. ಆ ಗುರುತಿನಲ್ಲಿ ಏನಿರಬೇಕು, ಉಳಿದ ನೆನಪು ಎಲ್ಲಿರಬೇಕು ಎಂಬ ತಕರಾರು ಅಂದಿನಿಂದ ಇಂದಿನವರೆಗೂ ತೀರಿಲ್ಲ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ, ಜನರ ಮಾತಿನಲ್ಲಿ ಸೊಸೈಟಿಗಳಿಗೆ, ಒಂದೇ ತಂತ್ರಾಂಶವನ್ನು ಕಟ್ಟಬೇಕಾಗಿ ಬಂದಿದೆ ಎಂದು ಭಾವಿಸಿಕೊಂಡು ಈ ಸಂವಾದವನ್ನು ರೂಪಿಸಲಾಗಿದೆ. ಬೀಜ, ಗೊಬ್ಬರ, ಬೆಳೆಸಾಲದ ಕೌಂಟರುಗಳೂ ಅದರಿಂದಲೇ ನಡೆಯಬೇಕು, ಸಾಲ ಕೇಳಿದವರ ಹೊಲಕ್ಕೆ ಹೋಗಿ ಬೆಳೆ ನೋಡಿ ಬರುವ ಸಿಬ್ಬಂದಿಯ ಮೊಬೈಲೂ ಅದಕ್ಕೇ ಸೇರಿರಬೇಕು. ಕಲ್ಪನೆಯಾದರೂ ಇದು ಕಾಲಕ್ಕೆ ಹೊರತಾದದ್ದಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ₹2,516 ಕೋಟಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಮಾತನಾಡುವವರಲ್ಲಿ ಒಬ್ಬರು ತಾಲ್ಲೂಕು ಕಚೇರಿಯ ಗಣಕ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು. ಇನ್ನೊಬ್ಬಳು ಮೊಬೈಲ್ ತಂತ್ರಾಂಶ ಕಟ್ಟುವ ಯುವತಿ. ಅವರ ಮಾತು ಆ ಸೀಮೆಯ ಆಡುನುಡಿಯಲ್ಲಿಯೇ ನಡೆದಿದೆಯೆಂದು ಓದುಗರು ಊಹಿಸಿಕೊಳ್ಳಬೇಕು. ಇಲ್ಲಿ ಅದನ್ನು ಗ್ರಂಥಭಾಷೆಗೆ ತಂದಿರುವುದರಿಂದ ಒಂದಿಷ್ಟು ಬನಿ ಸೋರಿಹೋಗಿರುವುದು ಸಹಜ.

ಯುವತಿ: ಸರ್, ಸರ್ವರಿನಲ್ಲಿ ಬಳಕೆದಾರರ ನೆನಪನ್ನೇ ಇಡದಿದ್ದರೆ ಅರ್ಧ ತೊಡಕು ಅಲ್ಲಿಗೇ ಮುಗಿಯುತ್ತದೆ. ಲಾಗಿನ್ ಆದ ಕೂಡಲೇ ಸಹಿ ಹಾಕಿದ ಒಂದು ಟೋಕನ್ ಕೊಟ್ಟುಬಿಡಬೇಕು. ಅದರೊಳಗೆ ಇವರು ಯಾರು, ಯಾವ ಸಂಘದವರು, ಏನು ಮಾಡಲು ಅಧಿಕಾರವಿದೆ ಎಂಬುದೆಲ್ಲ ಬರೆದಿರುತ್ತದೆ, ಯಾವ ಸರ್ವರಿಗೆ ಹೋದರೂ ಸಹಿಯನ್ನು ತಾಳೆ ನೋಡಿ ಕೆಲಸ ಮಾಡಿಕೊಡಬಹುದು. ಹೀಗಿರುವಾಗ ಸರ್ವರಿನ ಮೆಮೊರಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಡತ ತೆರೆದಿಟ್ಟುಕೊಂಡು ಕಾಯುವುದು ಏತಕ್ಕೆ?

ಹಿರಿಯರು: ಎಲ್ಲಿಡಬೇಕು ಎನ್ನುವುದಕ್ಕೆ ಮೊದಲು ಏನನ್ನು ನೆನಪಿಡಬೇಕು ಎಂಬುದನ್ನು ಕೇಳಿಕೊಳ್ಳುವುದು ಒಳ್ಳೆಯದವ್ವಾ. ಈ ಜಗಳ ಮೊಬೈಲಿನ ಜೊತೆಗೆ ಹುಟ್ಟಿದ್ದೂ ಅಲ್ಲ. ಐಬಿಎಂನವರು 1969ರಲ್ಲಿ ಹೊರತಂದ ಸಿಐಸಿಎಸ್ ಎಂಬ ವ್ಯವಸ್ಥೆಯಲ್ಲಿ ನೂರಾರು ಟರ್ಮಿನಲ್ಲುಗಳಿಗೆ ಒಂದೇ ದೊಡ್ಡ ಯಂತ್ರ ಉತ್ತರಿಸಬೇಕಾಗಿತ್ತು. ಬಳಕೆದಾರ ಪರದೆ ನೋಡುತ್ತಾ ಯೋಚಿಸುವಷ್ಟು ಹೊತ್ತೂ ಪ್ರೋಗ್ರಾಮು ಮೆಮೊರಿಯಲ್ಲಿ ಕುಳಿತಿದ್ದರೆ ಯಂತ್ರಕ್ಕೆ ಉಸಿರು ಕಟ್ಟುತ್ತಿತ್ತು. ಅದಕ್ಕಾಗಿ ಪರದೆ ಕಳಿಸಿದ ತಕ್ಷಣ ಪ್ರೋಗ್ರಾಮು ಮುಗಿದು, ಬೇಕಾದಷ್ಟನ್ನೇ ಒಂದು ಪುಟ್ಟ ಜಾಗದಲ್ಲಿ ಉಳಿಸಿ, ಬಳಕೆದಾರ ಕೀಲಿ ಒತ್ತಿದಾಗ ಮತ್ತೆ ಏಳುವ ಪದ್ಧತಿ ಬಂತು. ಮಾತುಕತೆ ಮುರಿಯದಂತೆ ತೋರುತ್ತದೆ, ಒಳಗೆ ಪ್ರತಿ ಸಲವೂ ಮುರಿದಿರುತ್ತದೆ.

ಯುವತಿ: ಹಾಗಿದ್ದರೆ ನೆನಪನ್ನು ಹಗುರ ಮಾಡಬೇಕೆಂಬುದು ಹಳಬರಿಗೂ ತಿಳಿದಿತ್ತು ಎಂದಾಯಿತು. ಆದರೂ ತಾಲ್ಲೂಕು ಕಚೇರಿಗಳಿಗೆ ಮೊದಲು ಬಂದ ಕಂಪ್ಯೂಟರುಗಳ ಕಾಲದಲ್ಲಿ ಆ ಹಗುರತನ ಎಲ್ಲಿತ್ತು?

ಹಿರಿಯರು: ಆ ಕಾಲದ ಸೆಷನ್ ಬೇರೆ ಜಾತಿಯದು. 2000ದ ಸುಮಾರಿಗೆ ರಾಜ್ಯದ ಭೂದಾಖಲೆಗಳನ್ನು ಗಣಕೀಕರಿಸುವ ಭೂಮಿ ಯೋಜನೆ ಶುರುವಾದಾಗ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶ ತಾಲ್ಲೂಕು ಕಚೇರಿಯಲ್ಲಿಯೇ ಇದ್ದ ಸರ್ವರಿನ ಮೇಲೆ ಓಡುತ್ತಿತ್ತು, ಸರ್ವೆ ನಂಬರು ಹೇಳಿ ₹15 ಕೊಟ್ಟ ರೈತನಿಗೆ ಕೌಂಟರಿನಲ್ಲಿ ಪಹಣಿ ಸಿಗುತ್ತಿತ್ತು. ದಾಖಲೆ ತಿದ್ದುವ ಅಧಿಕಾರವಿದ್ದವರು ಪಾಸ್‌ವರ್ಡಿನ ಜೊತೆಗೆ ಬೆರಳಚ್ಚನ್ನೂ ಕೊಟ್ಟು ಒಳಹೋಗಬೇಕಾಗಿತ್ತು. ಇಂತಹ ಏರ್ಪಾಡಿನಲ್ಲಿ ಗುರುತು ಬೆರಳಿನಲ್ಲಿದೆ, ಕೆಲಸ ಒಂದು ಗೊತ್ತಾದ ಮೇಜಿನಲ್ಲಿದೆ, ಸರ್ವರ್ ಪಕ್ಕದ ಕೋಣೆಯಲ್ಲಿದೆ. ಯಾರನ್ನಾದರೂ ತಡೆಯಬೇಕಾದರೆ ಎದ್ದುಹೋಗಿ ತಡೆಯಬಹುದು.

ಯುವತಿ: ಎರಡು ಹಂತದ ಆ ಬಗೆಯ ತಂತ್ರಾಂಶಗಳ ಒಂದು ದೋಷವನ್ನೂ ಹೇಳಬೇಕಲ್ಲವೇ ಸರ್? ಕ್ಲೈಂಟಿನಿಂದ ನೇರವಾಗಿ ಡೇಟಾಬೇಸಿಗೆ ತೆರೆದ ಸಂಪರ್ಕವೇ ಸೆಷನ್ ಆಗಿದ್ದಾಗ, ಗುಮಾಸ್ತ ಒಂದು ದಾಖಲೆಯನ್ನು ತಿದ್ದಲು ತೆರೆದು ಚಹಾಕ್ಕೆ ಹೋದರೆ ಅವನು ಬರುವವರೆಗೂ ಆ ದಾಖಲೆಗೆ ಬೀಗ. ಕರೆಂಟು ಹೋದರೆ ಬೀಗ ಹಾಕಿದವನು ಇಲ್ಲ, ಬೀಗ ಮಾತ್ರ ಉಳಿದಿದೆ ಎಂಬ ಸ್ಥಿತಿ. ಸರ್ವರ್ ಎಲ್ಲವನ್ನೂ ನೆನಪಿಟ್ಟುಕೊಂಡರೆ ಆಗುವುದು ಇಷ್ಟೇ.

ಹಿರಿಯರು: ಅದು ಒಪ್ಪತಕ್ಕ ಮಾತು. ಆದರೆ ಅದಕ್ಕೆ ಮದ್ದು ಟೋಕನ್ ಅಲ್ಲ. ಪ್ರತಿ ದಾಖಲೆಗೂ ಒಂದು ಆವೃತ್ತಿ ಸಂಖ್ಯೆ ಇಟ್ಟು, ಓದುವಾಗ ಏಳನೆಯ ಆವೃತ್ತಿಯಿದ್ದದ್ದು ಉಳಿಸುವ ಹೊತ್ತಿಗೂ ಏಳೇ ಇದೆಯೇ ಎಂದು ನೋಡಿ, ಬದಲಾಗಿದ್ದರೆ ಮತ್ತೊಮ್ಮೆ ಓದಿಕೊಂಡು ಬರಲು ಹೇಳುವ ಕ್ರಮವೇ ಮದ್ದು. ಬೀಗವೇ ಬೇಡ. ಭೂಮಿಯಿಂದ ಕಲಿಯಬೇಕಾದ ಪಾಠ ಬೇರೊಂದಿದೆ. ಖಾತೆ ಬದಲಾವಣೆಯ ಅರ್ಜಿ, ಮ್ಯುಟೇಷನ್ ಎನ್ನುವುದು, ಒಂದು ದಿನದಲ್ಲಿ ಮುಗಿಯುವಂತಹದಲ್ಲ. ಅರ್ಜಿ ದಾಖಲಾಗಬೇಕು, ನೋಟಿಸು ಹೋಗಬೇಕು, ತಕರಾರಿಗೆ ಕಾನೂನು ಕೊಟ್ಟ ದಿನಗಳು ಕಳೆಯಬೇಕು, ಆಮೇಲೆ ಆದೇಶ. ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಕಟ್ಟಿದ್ದರಿಂದ, ಬೇಕಾದವರ ಕಡತವನ್ನು ನಡುವಿನಿಂದ ಎಳೆದು ಮೇಲಿಡುವ ಹಳೆಯ ರೂಢಿಗೆ ಅಲ್ಲಿ ಜಾಗವಿರಲಿಲ್ಲ. ಈಗ ಹೇಳು, ಆ ಅರ್ಜಿಯ ಸರದಿ ಯಾವ ಸೆಷನ್ನಿನ ನೆನಪಿನಲ್ಲಿ ಇರಬೇಕಾಗಿತ್ತು?

ಯುವತಿ: ಯಾವುದರಲ್ಲಿಯೂ ಅಲ್ಲ. ಅದು ಡೇಟಾಬೇಸಿನಲ್ಲಿ ಕಾಯಂ ದಾಖಲೆಯಾಗಿರಬೇಕು. ಗುಮಾಸ್ತ ನೂರು ಸಲ ಲಾಗಿನ್ ಆಗಿ ಹೊರಹೋದರೂ ಅರ್ಜಿಯ ಸರದಿ ಅಲುಗಬಾರದು.

ಹಿರಿಯರು: ಅಲ್ಲಿಗೆ ಅರ್ಧ ನೆನಪು ಈ ತಕರಾರಿನಿಂದಲೇ ಹೊರಗೆ ಹೋಯಿತು. ಕಳೆದುಹೋದರೆ ಯಾರಿಗಾದರೂ ನಷ್ಟವಾಗುವ ಸಂಗತಿಯನ್ನು ಸೆಷನ್ನಿನಲ್ಲಿ ಇಡುವ ತಂತ್ರಾಂಶ ಸರ್ವರ್ ಮಾದರಿಯದಾದರೂ ಕೆಟ್ಟದ್ದು, ಟೋಕನ್ ಮಾದರಿಯದಾದರೂ ಕೆಟ್ಟದ್ದು.

ಯುವತಿ: ಒಂದು ನಡುವಿನ ವಸ್ತು ಉಳಿದಿದೆ. ಬೆಳೆಸಾಲದ ಅರ್ಜಿಯ ಮೂರು ಪುಟಗಳಲ್ಲಿ ಎರಡನ್ನು ತುಂಬಿದಾಗ ಕರೆಂಟು ಹೋಯಿತು. ಅದು ಇನ್ನೂ ಅರ್ಜಿಯಲ್ಲ, ಹಾಗೆಂದು ಕಸವೂ ಅಲ್ಲ. ಸರ್ವರಿನ ಸೆಷನ್ನಿನಲ್ಲಿಟ್ಟರೆ ಇಪ್ಪತ್ತು ನಿಮಿಷದ ಗಡುವು ಮುಗಿದು ಅಳಿಸಿಹೋಗುತ್ತದೆ. ಕೌಂಟರಿನ ಮುಂದೆ ನಿಂತ ರೈತ ಪಹಣಿ, ಆಧಾರ್, ಪಾಸ್‌ಬುಕ್ಕುಗಳನ್ನು ಮತ್ತೆ ಚೀಲದಿಂದ ತೆಗೆಯಬೇಕಾಗುತ್ತದೆ. ಕ್ಲೈಂಟಿನಲ್ಲಿಯೇ ಇಟ್ಟರೆ ಕರೆಂಟು ಬಂದಾಗ ಅಲ್ಲಿಯೇ ಇರುತ್ತದೆ.

ಹಿರಿಯರು: ಆ ಕ್ಲೈಂಟು ಐದು ಜನ ಕೂರುವ ಕೌಂಟರಿನ ಕಂಪ್ಯೂಟರ್ ಆಗಿದ್ದರೆ ರೈತನ ಬ್ಯಾಂಕ್ ವಿವರವೂ ಅಲ್ಲಿಯೇ ಬಿದ್ದಿರುತ್ತದೆ. ಕರಡು ಎಂಬ ಹೆಸರಿನಲ್ಲಿ ಅದನ್ನೂ ಡೇಟಾಬೇಸಿಗೇ ಸೇರಿಸಿ, ಇಷ್ಟು ದಿನ ಮುಟ್ಟದಿದ್ದರೆ ಅಳಿಸಬೇಕೆಂದು ಬರೆದಿಡಬಹುದಲ್ಲ? ಮರುದಿನ ಬೇರೆ ಗುಮಾಸ್ತ ಕೂತರೂ ಮುಂದುವರಿಸುತ್ತಾನೆ.

ಯುವತಿ: ಕೌಂಟರಿಗೆ ಅದು ಸರಿ. ಹೊಲದಲ್ಲಿ ನಿಂತವರಿಗೆ ಡೇಟಾಬೇಸು ಕೈಗೆ ಸಿಗುವುದಿಲ್ಲ. ಆ ಮಾತನ್ನು ಆಮೇಲೆ ಎತ್ತಬಹುದು.

ಹೀಗೆ ಸೆಷನ್ನಿಗೆ ಸೇರದ್ದನ್ನೆಲ್ಲ ಹೊರಗಿಟ್ಟ ಮೇಲೆ ಉಳಿಯುವುದು ತೀರ ಕಡಿಮೆ: ಮಾತನಾಡುತ್ತಿರುವವರು ಯಾರು, ಅವರಿಗೆ ಏನು ಅಧಿಕಾರ, ಅದು ಎಷ್ಟು ಹೊತ್ತಿನವರೆಗೆ. ಪರಿಣತರು ಪುಸ್ತಕಗಟ್ಟಲೆ ವಾದಿಸುವುದು ಈ ಮೂರು ಸಣ್ಣ ಸಂಗತಿಗಳ ಬಗೆಗೇ ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ಕಂಡೀತು; ಆದರೆ ಕಚೇರಿಯ ವ್ಯವಹಾರ ಬಲ್ಲವರಿಗೆ ಮೋಸಗಳೆಲ್ಲ ನುಸುಳುವುದು ಈ ಮೂರರ ಸಂದಿಯಲ್ಲಿಯೇ ಎಂದು ಗೊತ್ತು.

ಯುವತಿ: ಮುಂಗಾರಿನ ಮೊದಲ ಮಳೆ ಬಿದ್ದ ವಾರ ಗೊಬ್ಬರದ ಕೌಂಟರುಗಳ ಮುಂದೆ ಎಂತಹ ಸಾಲು ಇರುತ್ತದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆ ವಾರ ಒಂದು ಸರ್ವರ್ ಸಾಲದೆ ಮೂರು ಹಚ್ಚಬೇಕಾಗುತ್ತದೆ. ಲಾಗಿನ್ನಿನ ನೆನಪು ಮೊದಲನೆಯ ಸರ್ವರಿನ ಮೆಮೊರಿಯಲ್ಲಿದ್ದರೆ, ಮುಂದಿನ ಕೇಳಿಕೆ ಎರಡನೆಯದಕ್ಕೆ ಹೋದಾಗ ಅದು ಗುರುತಿಸದೆ ಮತ್ತೆ ಲಾಗಿನ್ ಕೇಳುತ್ತದೆ. ಅದನ್ನು ತಪ್ಪಿಸಲು ಒಬ್ಬ ಬಳಕೆದಾರನನ್ನು ಯಾವಾಗಲೂ ಒಂದೇ ಸರ್ವರಿಗೆ ಅಂಟಿಸುವ ಪದ್ಧತಿಯಿದೆ. ಆದರೆ ಆ ಸರ್ವರ್ ಬಿದ್ದರೆ ಅಂಟಿಕೊಂಡವರೆಲ್ಲರೂ ಬೀಳುತ್ತಾರೆ, ಹೊಸದಾಗಿ ಹಚ್ಚಿದ ಸರ್ವರ್ ಖಾಲಿ ಕುಳಿತಿರುತ್ತದೆ.

ಹಿರಿಯರು: ಒಂದು ಸೆಷನ್ನಿಗೆ ಹತ್ತು ಕಿಲೋಬೈಟ್ ಎಂದೇ ಹಿಡಿದರೂ ಮೂರು ಸಾವಿರ ಜನರಿಗೆ ಮೂವತ್ತು ಮೆಗಾಬೈಟ್, ಮದುವೆಯ ನಾಲ್ಕು ಫೋಟೋಗಳು ಅದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತವೆ. ಆದ್ದರಿಂದ ಜಾಗದ ಮಾತು ಬೇಡ. ಹಲವು ಸರ್ವರುಗಳ ಮಾತು ನಿಜ, ಅದಕ್ಕೆ ಪರಿಹಾರವೂ ಹಳೆಯದೇ: ಸೆಷನ್ನುಗಳನ್ನು ಯಾವ ಸರ್ವರಿನಲ್ಲಿಯೂ ಇಡದೆ ಎಲ್ಲವೂ ಕೇಳಬಹುದಾದ ಒಂದು ಸಾಮಾನ್ಯ ಉಗ್ರಾಣದಲ್ಲಿ ಇಡುವುದು. ಮೆಮ್‌ಕ್ಯಾಶ್‌ಡ್, ರೆಡಿಸ್ ಮೊದಲಾದವು ಇಂತಹ ಉಗ್ರಾಣಗಳು. ಒಂದೇ ಡೇಟಾ ಕೇಂದ್ರದ ಒಳಗೆ ಅವುಗಳಿಂದ ಉತ್ತರ ಪಡೆಯಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಬೇಕಾಗಬಹುದು. ಕುಕೀಯಲ್ಲಿರುವುದು ಊಹಿಸಲಾಗದ ಒಂದು ಉದ್ದ ಸಂಖ್ಯೆ ಮಾತ್ರ; ಅದನ್ನು ಕದ್ದು ಓದಿದವನಿಗೆ ಹೆಸರೂ ತಿಳಿಯುವುದಿಲ್ಲ, ಸಂಘವೂ ತಿಳಿಯುವುದಿಲ್ಲ.

ಯುವತಿ: ಕದ್ದವನಿಗೆ ಓದಬೇಕಾಗಿಯೂ ಇಲ್ಲ ಸರ್, ಬಳಸಿದರೆ ಸಾಕು. ಜೊತೆಗೆ ಉಗ್ರಾಣ ಒಂದು ನಿಂತಿತೆಂದರೆ ಮೂರು ಸರ್ವರುಗಳೂ ಒಟ್ಟಿಗೆ ಎಲ್ಲರನ್ನೂ ಮರೆಯುತ್ತವೆ. ಟೋಕನ್ನಿಗೆ ಆ ಭಯವಿಲ್ಲ. 2015ರಲ್ಲಿ ಪ್ರಮಾಣೀಕರಣಗೊಂಡ ಜೆಡಬ್ಲ್ಯೂಟಿ ಎಂಬ ರೂಪದಲ್ಲಿ ಮೂರು ಭಾಗಗಳಿವೆ: ಯಾವ ಬಗೆಯ ಸಹಿ ಎಂಬ ತಲೆಬರಹ, ಗುರುತು ಮತ್ತು ಅಧಿಕಾರಗಳ ಒಕ್ಕಣೆ, ಕೊನೆಗೆ ಗುಪ್ತ ಕೀಲಿಯಿಂದ ಲೆಕ್ಕ ಹಾಕಿದ ಸಹಿ. ಒಕ್ಕಣೆಯಲ್ಲಿ ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಮಸ್ಕಿಯ ಬಂಡೆಯನ್ನೇ ನೋಡಬಹುದು. ಅದಕ್ಕೆ ಮೊದಲು ಸಿಕ್ಕಿದ್ದ ಬೇರೆಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದುದರಿಂದ ಆ ಅರಸ ಯಾರೆಂದು ತಿಳಿಯಲು ವಿದ್ವಾಂಸರು ಸಿಂಹಳದ ಗ್ರಂಥಗಳನ್ನು ತಿರುವಿಹಾಕಬೇಕಾಗಿತ್ತು. ಅದೇ ತಾವು ಹೇಳುವ ಉಗ್ರಾಣ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಎಲ್ಲಿಗೂ ಹೋಗಿ ಕೇಳಬೇಕಾಗಿರಲಿಲ್ಲ.

ಹಿರಿಯರು: ಹೋಲಿಕೆ ಸೊಗಸಾಗಿದೆ, ಆದರೆ ಮಸ್ಕಿಯೇ ಅದಕ್ಕೆ ಎದುರು ಸಾಕ್ಷಿಯನ್ನೂ ಹೇಳುತ್ತದೆ. ಬಂಡೆಯ ಮೇಲೆ ಕೆತ್ತಿದ್ದನ್ನು ಆಮೇಲೆ ತಿದ್ದಲಾಗದು. ಈ ಊರು ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳು ಪ್ರಕಟವಾದಾಗ ಮಸ್ಕಿಯ ಹೆಸರೂ ಬಂತು, ಸುತ್ತಲಿನ ತಾಲ್ಲೂಕುಗಳ ಹಳ್ಳಿಗಳು ಅದಕ್ಕೆ ಸೇರಿದವು. ಟೋಕನ್ನಿನ ಒಕ್ಕಣೆಯಲ್ಲಿ ತಾಲ್ಲೂಕು ಲಿಂಗಸುಗೂರು ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದರೆ, ಅದರ ಅವಧಿ ಮುಗಿಯುವವರೆಗೂ ಆ ಗುಮಾಸ್ತ ತನ್ನದಲ್ಲದ ಹಳ್ಳಿಯ ಸಾಲದ ಕಡತ ತೆರೆಯುತ್ತಲೇ ಇರುತ್ತಾನೆ, ತನ್ನದಾದ ಹಳ್ಳಿಯದು ತೆರೆಯುವುದಿಲ್ಲ. ಸಹಿ ಸರಿಯಿದೆ, ಒಕ್ಕಣೆ ಸುಳ್ಳಾಗಿದೆ.

ಯುವತಿ: ತಾಲ್ಲೂಕು ದಿನಕ್ಕೊಂದು ಹುಟ್ಟುವುದಿಲ್ಲವಲ್ಲ ಸರ್.

ಹಿರಿಯರು: ವರ್ಗಾವಣೆ ಹುಟ್ಟುತ್ತದೆ, ಅಮಾನತು ಹುಟ್ಟುತ್ತದೆ. ಹಣ ದುರುಪಯೋಗದ ಅನುಮಾನದ ಮೇಲೆ ಒಬ್ಬ ಕಾರ್ಯದರ್ಶಿಯನ್ನು ಬೆಳಗ್ಗೆ ಹನ್ನೊಂದಕ್ಕೆ ಅಮಾನತಿನಲ್ಲಿಟ್ಟರೆ ಹನ್ನೊಂದೂ ಐದಕ್ಕೆ ಅವನ ಕೈ ಕಟ್ಟಬೇಕು. ಉಗ್ರಾಣದಲ್ಲಿನ ಒಂದು ಸಾಲನ್ನು ಅಳಿಸಿದರೆ ಮುಗಿಯಿತು. ಟೋಕನ್ನನ್ನು ವಾಪಸು ಪಡೆಯುವ ದಾರಿ ಯಾವುದು?

ಯುವತಿ: ಅದಕ್ಕಾಗಿಯೇ ಟೋಕನ್ನಿನ ಆಯಸ್ಸನ್ನು ಹತ್ತು-ಹದಿನೈದು ನಿಮಿಷಕ್ಕೆ ಇಳಿಸಿ, ಜೊತೆಗೆ ತಿಂಗಳುಗಟ್ಟಲೆ ಬಾಳುವ ಇನ್ನೊಂದು ನವೀಕರಣ ಟೋಕನ್ ಕೊಡುತ್ತಾರೆ. ಮೊದಲನೆಯದು ಮುಗಿದಾಗಲೆಲ್ಲ ಎರಡನೆಯದನ್ನು ತೋರಿಸಿ ಹೊಸದು ಪಡೆಯಬೇಕು. ಎರಡನೆಯದು ಸರ್ವರಿನ ಪಟ್ಟಿಯಲ್ಲಿ ಇರುವುದರಿಂದ ಅಲ್ಲಿ ಹೊಡೆದುಹಾಕಬಹುದು. ಅಧಿಕಾರದ ಒಕ್ಕಣೆ ಕೂಡ ಆಗಲೇ ಹೊಸದಾಗುತ್ತದೆ. ತಕ್ಷಣ ತಡೆಯಲೇಬೇಕಾದ ಪ್ರಸಂಗಕ್ಕೆ ರದ್ದಾದ ಟೋಕನ್ನುಗಳ ಒಂದು ಸಣ್ಣ ಪಟ್ಟಿಯನ್ನೂ ಇಡಬಹುದು.

ಹಿರಿಯರು: ಸರ್ವರಿನಲ್ಲಿ ಒಂದು ಪಟ್ಟಿ, ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ. ಸರ್ವರ್ ನೆನಪಿಡುವುದೇ ಬೇಡ ಎಂದು ಶುರುವಾದ ಮಾತು ಎರಡು ಪಟ್ಟಿಗಳವರೆಗೆ ಬಂದಿದೆ. ಇನ್ನೊಂದು ಹೆಜ್ಜೆ ಇಟ್ಟರೆ ಉಗ್ರಾಣದ ಬಾಗಿಲೇ.

ಯುವತಿ: ವ್ಯತ್ಯಾಸವಿದೆ. ಉಗ್ರಾಣವನ್ನು ಪ್ರತಿ ಕೇಳಿಕೆಗೂ ನೋಡಬೇಕು. ನವೀಕರಣದ ಪಟ್ಟಿಯನ್ನು ಕಾಲು ಗಂಟೆಗೊಮ್ಮೆ ನೋಡಿದರೆ ಸಾಕು. ರದ್ದಾದವರ ಪಟ್ಟಿ ಯಾವಾಗಲೂ ಚಿಕ್ಕದು, ಎಲ್ಲ ಸರ್ವರುಗಳೂ ತಮ್ಮಲ್ಲಿಯೇ ಒಂದು ಪ್ರತಿ ಇಟ್ಟುಕೊಳ್ಳಬಹುದು. ಉಗ್ರಾಣ ನಿಂತರೂ ಒಳಗಿದ್ದವರು ಕಾಲು ಗಂಟೆ ಕೆಲಸ ಮಾಡುತ್ತಾರೆ. ಒಬ್ಬ ಕಾರ್ಯದರ್ಶಿ ಐದು ನಿಮಿಷ ಹೆಚ್ಚು ಒಳಗಿರಬಹುದೆಂಬ ಭಯಕ್ಕೆ ಉಳಿದವರೆಲ್ಲರ ಕೆಲಸವನ್ನೂ ಒಂದೇ ಯಂತ್ರದ ಕೊರಳಿಗೆ ಕಟ್ಟುವುದು ನ್ಯಾಯವೇ?

ಹಿರಿಯರು: ಆ ಐದು ನಿಮಿಷದಲ್ಲಿ ಎಷ್ಟು ಹಣ ಹೊರಗೆ ಹೋಗಬಹುದು ಎಂಬುದರ ಮೇಲೆ ನಿಂತಿದೆ. ಪಹಣಿ ನೋಡುವುದಕ್ಕೆ ಟೋಕನ್ ಸಾಕು. ಸಾಲದ ಹಣ ಬಿಡುಗಡೆ ಮಾಡುವ ಗುಂಡಿಗೆ ಸಾಲದು. ಅಲ್ಲಿ ಪ್ರತಿ ಸಲವೂ ಡೇಟಾಬೇಸಿಗೆ ಹೋಗಿ ಈತನಿಗೆ ಈ ಗಳಿಗೆಯಲ್ಲಿ ಅಧಿಕಾರವಿದೆಯೇ ಎಂದು ಕೇಳಲೇಬೇಕು, ಬೆರಳಚ್ಚನ್ನು ಮತ್ತೊಮ್ಮೆ ಕೇಳಿದರೂ ತಪ್ಪಿಲ್ಲ.

ಯುವತಿ: ಅಷ್ಟನ್ನು ಒಪ್ಪಬಹುದು. ಆದರೆ ಆಗ ಸೆಷನ್ ಯಾವ ಮಾದರಿಯದಾದರೂ ಒಂದೇ ಆಯಿತಲ್ಲ ಸರ್. ಹಣದ ಕಾವಲು ಸೆಷನ್ನಿನಲ್ಲಿ ಇಲ್ಲವೇ ಇಲ್ಲ.

ಇಲ್ಲಿ ಹಿರಿಯರು ನೇರ ಉತ್ತರ ಕೊಡದೆ ಮಾತನ್ನು ಸಿದ್ಧಾಂತದ ಕಡೆಗೆ ಹೊರಳಿಸುತ್ತಾರೆ. ಸರ್ವರ್ ಏನನ್ನೂ ನೆನಪಿಡಬಾರದು ಎನ್ನುವ ಪಕ್ಷದವರು ಆಧಾರವಾಗಿ ಹಿಡಿಯುವುದು ರಾಯ್ ಫೀಲ್ಡಿಂಗ್ 2000ದಲ್ಲಿ ಬರೆದ ಡಾಕ್ಟರೇಟ್ ಪ್ರಬಂಧವನ್ನು. ವೆಬ್‌ನ ರಚನಾಕ್ರಮಕ್ಕೆ ರೆಸ್ಟ್ ಎಂದು ಹೆಸರಿಟ್ಟ ಆ ಪ್ರಬಂಧದ ಪ್ರಕಾರ ಪ್ರತಿಯೊಂದು ಕೇಳಿಕೆಯೂ ತನ್ನನ್ನು ಅರ್ಥ ಮಾಡಿಕೊಳ್ಳಲು ಬೇಕಾದುದನ್ನೆಲ್ಲ ತನ್ನೊಳಗೇ ಹೊತ್ತು ತರಬೇಕು.

ಹಿರಿಯರು: ಫೀಲ್ಡಿಂಗ್ ಆ ನಿಯಮದ ನಷ್ಟವನ್ನೂ ಮುಚ್ಚಿಡಲಿಲ್ಲ ಎಂಬುದನ್ನು ಅವರ ಹೆಸರು ಹೇಳುವವರು ಮರೆಯುತ್ತಾರೆ. ಒಂದೇ ವಿವರ ಪ್ರತಿ ಕೇಳಿಕೆಯಲ್ಲೂ ಮರುಕಳಿಸುವುದರಿಂದ ಜಾಲದ ಮೇಲೆ ಹೊರೆ ಬೀಳುತ್ತದೆ, ನೆನಪು ಕ್ಲೈಂಟಿನ ಕೈಗೆ ಹೋದಷ್ಟೂ ಸರ್ವರಿನ ಹಿಡಿತ ಸಡಿಲವಾಗುತ್ತದೆ ಎಂದು ಅವರೇ ಬರೆದಿದ್ದಾರೆ. 2002ರಲ್ಲಿ ಬಂದ ಎಎಸ್‌ಪಿ ಡಾಟ್ ನೆಟ್ ಎಂಬ ವೆಬ್ ಚೌಕಟ್ಟಿನಲ್ಲಿ ವ್ಯೂಸ್ಟೇಟ್ ಎಂಬ ಪದ್ಧತಿಯಿತ್ತು. ಪುಟದ ಸ್ಥಿತಿಯನ್ನೆಲ್ಲ ಪುಟದೊಳಗೇ ಬಚ್ಚಿಟ್ಟು ಹೋಗಿ ಬರುವಾಗಲೆಲ್ಲ ಹೊತ್ತು ತಿರುಗುವುದು. ಎಚ್ಚರವಿಲ್ಲದೆ ಬಳಸಿದವರ ಪುಟಗಳು ದಪ್ಪವಾಗುತ್ತಾ ಹೋಗಿ, ನಿಧಾನದ ಜಾಲದಲ್ಲಿ ಒಂದು ಗುಂಡಿ ಒತ್ತಿದರೆ ಎದ್ದುಹೋಗಿ ನೀರು ಕುಡಿದು ಬರುವಷ್ಟು ಹೊತ್ತಾಗುತ್ತಿತ್ತು. ಟೋಕನ್ನಿನಲ್ಲಿ ಇನ್ನೊಂದು, ಮತ್ತೊಂದು ಎಂದು ಅಧಿಕಾರಗಳನ್ನು ತುರುಕುತ್ತಾ ಹೋದರೆ ಅದೇ ಗತಿ.

ಯುವತಿ: ಅದೇ ಫೀಲ್ಡಿಂಗ್ ಕುಕೀಯನ್ನೂ ಮೆಚ್ಚಲಿಲ್ಲ ಸರ್, ಆದ್ದರಿಂದ ಅವರು ಯಾವ ಪಕ್ಷಕ್ಕೂ ಪೂರ್ತಿ ಸಲ್ಲುವವರಲ್ಲ. ಟೋಕನ್ನನ್ನು ಸಣ್ಣದಾಗಿಡಬೇಕೆಂಬುದು ಸರಿ, ಒಂದು ಕುಕೀಗೆ ಬ್ರೌಸರುಗಳು ಕೊಡುವ ಜಾಗವೇ ಸುಮಾರು ನಾಲ್ಕು ಕಿಲೋಬೈಟ್. ಒಕ್ಕಣೆಯನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದಾದ್ದರಿಂದ ಅದರಲ್ಲಿ ಗುಟ್ಟು ಬರೆಯುವುದೂ ತಪ್ಪು. ಸಹಿ ತಿದ್ದುವುದನ್ನು ತಡೆಯುತ್ತದೆ, ಓದುವುದನ್ನಲ್ಲ. ಇದನ್ನು ತಿಳಿಯದೆ ಆಧಾರ್ ಸಂಖ್ಯೆ ಬರೆಯುವವರಿದ್ದಾರೆ.

ಹಿರಿಯರು: ಬರೆದ ಮೇಲೆ ಅದನ್ನು ಬ್ರೌಸರಿನ ಸಂಗ್ರಹದಲ್ಲಿ, ಪುಟಕ್ಕೆ ನುಸುಳಿದ ಯಾವ ಪ್ರೋಗ್ರಾಮಿಗಾದರೂ ಕೈಗೆಟುಕುವ ಕಡೆ ಇಡುವವರೂ ಇದ್ದಾರೆ. ಪುಟದ ಪ್ರೋಗ್ರಾಮಿಗೆ ಕಾಣದಂತೆ ಇಡುವ ಸೌಲಭ್ಯ ಕುಕೀಗೆ ಉಂಟು.

ಯುವತಿ: ಕುಕೀ ತಾನಾಗಿಯೇ ಹೋಗುತ್ತದೆ ಎಂಬುದೇ ಅದರ ಕೇಡು. ಬೇರೆ ತಾಣದವರು ಬಳಕೆದಾರನಿಗೆ ಅರಿವಿಲ್ಲದಂತೆ ಕೇಳಿಕೆ ಕಳಿಸಿದರೂ ಬ್ರೌಸರ್ ಅದನ್ನು ಜೊತೆಗೆ ಕಟ್ಟಿಕೊಡುತ್ತದೆ. ಅದಕ್ಕೆ ಪ್ರತ್ಯೇಕ ತಡೆ ಬೇಕು. ಕಳ್ಳರ ವಿಷಯದಲ್ಲಿ ಯಾವ ಮಾದರಿಯೂ ಮಡಿವಂತವಲ್ಲ. ಮಾದರಿ ನಿಜವಾಗಿ ಬೇರೆಯಾಗುವುದು ಹೊಲದಲ್ಲಿ.

ಹಿರಿಯರು: ಅದಕ್ಕೆ ಮೊದಲು ಕೌಂಟರಿನ ಮಾತು ಮುಗಿಸೋಣ. ಕಚೇರಿಯಲ್ಲಿ ಒಬ್ಬರು ಲಾಗಿನ್ ಮಾಡಿಟ್ಟ ಯಂತ್ರದಲ್ಲಿ ನಾಲ್ವರು ಕೆಲಸ ಮಾಡುವುದನ್ನು ನೋಡದವರಿಲ್ಲ. ಇಂತಹ ಕಡೆ ಸುಮ್ಮನಿದ್ದರೆ ಹದಿನೈದು ನಿಮಿಷಕ್ಕೆ, ಕೆಲಸ ನಡೆದಿದ್ದರೂ ದಿನದ ಕೊನೆಗೆ, ಸೆಷನ್ ತಾನಾಗಿ ಮುಗಿಯಬೇಕು. ಎರಡೂ ಗಡುವುಗಳು ಬೇಕು. ಸುಮ್ಮನಿದ್ದ ಹೊತ್ತಿನ ಲೆಕ್ಕವನ್ನು ಸರ್ವರ್ ಇಟ್ಟರೆ ಮಾತ್ರ ಅದು ನಂಬುವಂತಹದು.

ಯುವತಿ: ಕೌಂಟರಿಗೆ ಸರ್ವರ್ ಸೆಷನ್ನೇ ಇರಲಿ. ಹಾಗೆಂದು ಅದೇ ಹದಿನೈದು ನಿಮಿಷವನ್ನು ಮಸ್ಕಿಯ ಆಚೆ ತೊಗರಿ ಹೊಲದಲ್ಲಿ ನಿಂತವನಿಗೆ ಹೇರಿದರೆ ಅವನು ಒಂದು ಬದುವಿನಿಂದ ಇನ್ನೊಂದಕ್ಕೆ ನಡೆದುಹೋಗುವಷ್ಟರಲ್ಲಿ ತಂತ್ರಾಂಶ ಹೊರಹಾಕಿರುತ್ತದೆ. ಮತ್ತೆ ಒಳಬರಲು ಒಟಿಪಿ ಬರಬೇಕು, ಒಟಿಪಿಗೆ ಸಿಗ್ನಲ್ ಬೇಕು. ರಾಜ್ಯದ ಬೆಳೆ ಸಮೀಕ್ಷೆಯನ್ನೇ ನೋಡಬಹುದು. ಖಾಸಗಿ ನಿವಾಸಿಗಳೆಂದು ಕರೆಯುವ ಗ್ರಾಮದ ಯುವಕರು ಮೊಬೈಲ್ ಹಿಡಿದು ಸರ್ವೆ ನಂಬರಿನ ಮೇಲೆ ನಿಂತು ಬೆಳೆಯ ಫೋಟೋ ತೆಗೆಯುತ್ತಾರೆ, ಉಪಗ್ರಹದಿಂದ ತಿಳಿದ ಸ್ಥಳವೂ ಅದರ ಜೊತೆ ಸೇರುತ್ತದೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ವಿವರ ದಾಖಲಿಸುವ ಆ್ಯಪ್ ಕೂಡ ಬಂತು. ಇಂತಹ ಕೆಲಸಕ್ಕೆ ಗ್ರಾಮದ ವಿವರಗಳನ್ನು ಮೊದಲೇ ಇಳಿಸಿಕೊಂಡು, ಹೊಲದಲ್ಲಿ ಜಾಲವಿಲ್ಲದೆಯೇ ದಾಖಲಿಸಿ, ಸಿಗ್ನಲ್ ಸಿಕ್ಕ ಕಡೆ ಬಂದು ಕಳಿಸುವುದೇ ದಾರಿ. ಅಲ್ಲಿ ಸರ್ವರಿನ ನೆನಪು ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೇಳುವವರಿಲ್ಲ.

ಹಿರಿಯರು: ಹೊಲದಲ್ಲಿ ಆ ಫೋನಿನ ಮಾಲೀಕ ಯಾರೆಂದು ಫೋನೇ ಹೇಳಬೇಕು ಎಂದಾಯ್ತು. ಸರಿ. ಆದರೆ ಆ ಫೋನು ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಕಳುವಾಯಿತೆನ್ನು. ಮೂವತ್ತು ದಿನದ ನವೀಕರಣ ಟೋಕನ್ ಅದರಲ್ಲಿದೆ.

ಯುವತಿ: ಸಂಘಕ್ಕೆ ತಿಳಿಸಿದ ಕೂಡಲೇ ಪಟ್ಟಿಯಲ್ಲಿ ಹೊಡೆದುಹಾಕುತ್ತಾರೆ. ಮುಂದಿನ ಸಲ ಆ ಫೋನು ಜಾಲಕ್ಕೆ ಬಂದಾಗ ಬಾಗಿಲು ಮುಚ್ಚಿರುತ್ತದೆ.

ಹಿರಿಯರು: ಕಳುವಾದ ಫೋನು ಸಂಜೆಗೇ ಸಿಕ್ಕರೆ? ಅಥವಾ ಕಳುವಾಗಿಯೇ ಇರಲಿಲ್ಲ, ಗೆಳೆಯನ ಬೈಕಿನ ಡಿಕ್ಕಿಯಲ್ಲಿತ್ತು ಎಂದರೆ? ಬೆಳಗಿನಿಂದ ದಾಖಲಿಸಿದ ನಲವತ್ತು ಹೊಲಗಳ ವಿವರ ಅದರೊಳಗಿದೆ, ಇನ್ನೂ ಕಳಿಸಿಲ್ಲ. ಬಾಗಿಲು ಮುಚ್ಚಿದರೆ ಆ ನಲವತ್ತೂ ಹೊರಗೇ ಉಳಿದವು. ನಷ್ಟವಾಗುವ ಸಂಗತಿ ಸೆಷನ್ನಿನಲ್ಲಿ ಇರಬಾರದೆಂದು ಆಗಲೇ ಒಪ್ಪಿಕೊಂಡದ್ದು. ಹೊಲದ ಫೋನಿನಲ್ಲಿ ಅದು ಇದ್ದೇ ಇದೆ.

ಯುವತಿ: ಲಾಗಿನ್ ಬೇರೆ, ದಾಖಲೆ ಬೇರೆ ಎಂದು ಬಿಡಿಸಿದರೆ ದಾರಿಯಿದೆ. ಪ್ರತಿಯೊಂದು ದಾಖಲೆಗೂ ಆ ಫೋನಿನ ಒಳಗಿನ ಕೀಲಿಯಿಂದಲೇ ಸಹಿಯಾಗಿರಲಿ. ಫೋನಿನ ಹಕ್ಕು ರದ್ದಾದ ಹೊತ್ತಿಗಿಂತ ಮೊದಲು ಸಹಿಯಾದವನ್ನು ಒಳಗೆ ತೆಗೆದುಕೊಂಡು, ನಂತರದವನ್ನು ತಳ್ಳಿಹಾಕಬಹುದು.

ಹಿರಿಯರು: ಆ ಹೊತ್ತನ್ನು ಹೇಳುವುದು ಯಾರ ಗಡಿಯಾರ?

ಯುವತಿ: ಫೋನಿನದು. ಅದನ್ನು ಯಾರಾದರೂ ಹಿಂದಕ್ಕೆ ತಿರುಗಿಸಬಹುದು ಎಂಬುದು ನಿಜ. ಉಪಗ್ರಹದ ಹೊತ್ತನ್ನು ಹಿಡಿದರೆ ಸ್ವಲ್ಪ ಗಟ್ಟಿ, ಆದರೆ ಸುಳ್ಳು ಸ್ಥಳ, ಸುಳ್ಳು ಹೊತ್ತು ತೋರಿಸುವ ಆ್ಯಪುಗಳೂ ಸಿಗುತ್ತವೆ.

ಹಿರಿಯರು: ಹಾಗಾದರೆ ತಳ್ಳಿಹಾಕುವುದೂ ಬೇಡ, ನೇರವಾಗಿ ಸೇರಿಸುವುದೂ ಬೇಡ. ರದ್ದಾದ ಫೋನಿನಿಂದ ಬಂದ ದಾಖಲೆಗಳನ್ನು ಬೇರೆಯಾಗಿ ತಡೆಹಿಡಿದು, ಸಂಘದ ಒಬ್ಬರು ಹೊಲಕ್ಕೆ ಹೋಗಿ ನಾಲ್ಕಾರನ್ನು ನೋಡಿಬಂದ ಮೇಲೆ ಬಿಡುಗಡೆ ಮಾಡಬೇಕು.

ಯುವತಿ: ಎಷ್ಟು ದಿನ ತಡೆಹಿಡಿಯಬೇಕು ಸರ್? ಸಾಲ ತಡವಾದ ರೈತ ಬಿತ್ತನೆಯ ಹದ ಕಳೆದುಕೊಳ್ಳುತ್ತಾನೆ. ಫೋನು ಯಾರ ಕೈಯಲ್ಲಿತ್ತು ಎಂಬುದು ಅವನ ತಪ್ಪಲ್ಲ. ಬೇಗ ಬಿಟ್ಟರೆ ಹೊಲ ನೋಡದೆಯೇ ಬಿಡುತ್ತಾರೆ.

ಹಿರಿಯರು: ಆ ದಿನಗಳನ್ನು ಗೊತ್ತುಪಡಿಸುವುದು ತಂತ್ರಾಂಶ ಕಟ್ಟುವವರ ಕೆಲಸವಲ್ಲವ್ವಾ, ಸಂಘದ ಆಡಳಿತ ಮಂಡಳಿಯ ಕೆಲಸ.

ಯುವತಿ: ಆಡಳಿತ ಮಂಡಳಿಯವರು ಸಭೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಬೇರೆ ಕಡೆ ತಂತ್ರಾಂಶದಲ್ಲಿ ಎಷ್ಟು ದಿನ ಇಟ್ಟಿದ್ದಾರೆ ಎಂಬುದು.